ದೂರದೇಶದ ವಿಮಾನದಾರಿ: ಮೈಲೆಷ್ಟು, ತಾಸೆಷ್ಟು?

ನಮ್ಮ ಹಿರಿಯರು ದೂರವನ್ನು ಅಳೆಯುತ್ತಿದ್ದ ಬಗೆಯೇ ಬೇರೆಯಾಗಿತ್ತು. ಜಮಖಂಡಿಯಿಂದ ಮುಧೋಳವು ಎಷ್ಟು ದೂರವೆಂದು ಕೇಳಿದರೆ ಇಷ್ಟು ಹರದಾರಿಯೆಂದು ಹೇಳಿ ಅವರು ಸುಮ್ಮನಾಗುತ್ತಿರಲಿಲ್ಲ. ನಸುಕಿನಲ್ಲಿ ಚಕ್ಕಡಿ ಹೂಡಿದರೆ ಬಿಸಿಲೇರುವಷ್ಟರಲ್ಲಿ ಸೇರುವಿರೆಂದು ಹೇಳುತ್ತಿದ್ದರು. ಪಂಢರಪುರದ ದಾರಿಯನ್ನು ಮುಕ್ಕಾಮುಗಳಿಂದಲೂ ಕಾಶಿಯ ದಾರಿಯನ್ನು ತಿಂಗಳುಗಳಿಂದಲೂ ಎಣಿಸುತ್ತಿದ್ದರು. ದೂರವೆಂಬುದು ನೆಲದ ಅಳತೆ ಮಾತ್ರವಲ್ಲ, ಹೊತ್ತಿನ ಅಳತೆಯೂ ಅಹುದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎಷ್ಟೋ ಮನೆಗಳ ಮಕ್ಕಳು ಸಮುದ್ರಗಳಾಚೆಯಲ್ಲಿ ನೆಲೆಸಿದ್ದಾರೆ. ಕಬ್ಬಿನ ಗದ್ದೆಯ ಒಡೆಯನ ಮಗನೂ ಮಗ್ಗದ ಮನೆಯ ಮಗಳೂ ಅಮೇರಿಕೆಯ ಪಶ್ಚಿಮ ದಂಡೆಯಲ್ಲಿ ಉದ್ಯೋಗದಲ್ಲಿರುವದು ಈಗ ಸೋಜಿಗದ ಮಾತಾಗಿ ಉಳಿದಿಲ್ಲ. ಅವರ ಹಿರಿಯರನ್ನು ಕೇಳಿ ನೋಡಿರಿ: "ನಿಮ್ಮ ಮಗನಿರುವ ಊರು ಎಷ್ಟು ದೂರ?" ಒಬ್ಬರು ಹದಿನಾಲ್ಕು ಸಾವಿರ ಕಿಲೋಮೀಟರು ಎನ್ನುವರು, ಇನ್ನೊಬ್ಬರು ಹದಿನೇಳು ತಾಸು ಎನ್ನುವರು, ಮತ್ತೊಬ್ಬರು ಎರಡು ದಿನ ಎನ್ನುವರು. ಮೂವರ ಮಾತೂ ನಿಜವೇ; ಆದರೆ ಮೂವರೂ ಬೇರೆ ಬೇರೆ ದೂರಗಳನ್ನು ಹೇಳುತ್ತಿರುವರು. ಈ ಭೇದವನ್ನು ತಿಳಿದುಕೊಳ್ಳುವದು ಬರಿಯ ಜಾಣತನದ ವಿಷಯವಲ್ಲ. ಮಗಳ ಬಾಣಂತನಕ್ಕೆ ಹೊರಡುವ ತಾಯಿಗೂ, ಮನೆಯಲ್ಲಿ ಸಾವು ಸಂಭವಿಸಿದಾಗ ಮಗನ ದಾರಿಯನ್ನು ಕಾಯಬೇಕೋ ಬಾರದೋ ಎಂದು ನಿರ್ಣಯಿಸಬೇಕಾದ ಬಂಧುಗಳಿಗೂ ಇದು ಅತ್ಯಾವಶ್ಯಕವಾದ ತಿಳಿವಳಿಕೆಯಾಗಿದೆ.

ಮೊದಲು ನೆಲದ ಮೇಲಿನ ದೂರವನ್ನು ನೋಡೋಣ. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಅಡ್ಡಪಟ್ಟಿಯಿಟ್ಟು ಗೆರೆ ಎಳೆದರೆ, ಅದು ಪ್ರಶಾಂತ ಮಹಾಸಾಗರವನ್ನು ನೇರವಾಗಿ ದಾಟುವದು. ಆದರೆ ಇದು ಮೋಸದ ಗೆರೆ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹಾಸಿದಾಗ ಧ್ರುವಗಳ ಬಳಿಯ ಪ್ರದೇಶವು ಹಿಗ್ಗಿಹೋಗುವದು. ನಿಜವಾದ ಹತ್ತಿರದ ದಾರಿಯನ್ನು ಕಾಣಬೇಕಾದರೆ ಮನೆಯ ಹುಡುಗರ ಭೂಗೋಲದ ಚೆಂಡನ್ನು ತೆಗೆದುಕೊಂಡು, ಎರಡೂ ಊರುಗಳ ಮೇಲೆ ಬೆರಳೊತ್ತಿ, ನಡುವೆ ಒಂದು ನೂಲೆಳೆಯನ್ನು ಬಿಗಿಯಾಗಿ ಎಳೆಯಿರಿ. ಮಗ್ಗದ ಮನೆಗಳಿರುವ ನಮ್ಮ ಬನಹಟ್ಟಿಯಲ್ಲಿ ನೂಲಿಗೇನೂ ಬರವಿಲ್ಲವಷ್ಟೆ! ಆ ಎಳೆಯು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಏರುವದನ್ನು ಕಂಡು ಹುಡುಗರು ಬೆರಗಾಗುವರು. ಅದು ಟಿಬೇಟು, ಮಂಗೋಲಿಯಗಳ ಮೇಲೆ ಸಾಗಿ, ಸೈಬೀರಿಯದ ಹಿಮದಲ್ಲಿ ಸುಮಾರು ೭೧ ಅಂಶಗಳ ಉತ್ತರ ಅಕ್ಷಾಂಶದ ವರೆಗೆ ಏರಿ, ಆ ಬಳಿಕ ಅಲಾಸ್ಕದ ಮೇಲಿಂದ ಇಳಿಯುತ್ತ ಸ್ಯಾನ್ ಫ್ರಾನ್ಸಿಸ್ಕೊ ಸೇರುವದು. ಗಣಿತಜ್ಞರು ಇದನ್ನು ಮಹಾವೃತ್ತದ ದಾರಿಯೆಂದು ಕರೆಯುವರು. ಈ ಎಳೆಯ ಉದ್ದವು ಸುಮಾರು ೧೩,೯೯೦ ಕಿಲೋಮೀಟರು, ಎಂದರೆ ೮,೭೦೦ ಮೈಲುಗಳಷ್ಟು.

ಈ ಸಂಖ್ಯೆಯನ್ನು ಕೇಳಿ ಎದೆಗುಂದಬೇಕಾದುದಿಲ್ಲ. ಭೂಮಿಯ ಸುತ್ತಳತೆಯು ಸುಮಾರು ೪೦,೦೦೦ ಕಿಲೋಮೀಟರು. ಆದುದರಿಂದ ಯಾವ ಮನುಷ್ಯನೂ ಮತ್ತೊಬ್ಬನಿಂದ ೨೦,೦೦೦ ಕಿಲೋಮೀಟರಿಗಿಂತ ದೂರವಾಗಿ ಇರುವದು ಈ ಭೂಮಿಯ ಮೇಲೆ ಶಕ್ಯವೇ ಇಲ್ಲ. ಜಮಖಂಡಿಗೆ ನೇರ ಕೆಳಗಡೆ, ಭೂಮಿಯ ಮತ್ತೊಂದು ಬದಿಯಲ್ಲಿರುವ ಬಿಂದುವು ಪ್ರಶಾಂತ ಮಹಾಸಾಗರದ ನಡುನೀರಿನಲ್ಲಿ, ಈಸ್ಟರ್ ದ್ವೀಪದಿಂದ ಬಹುದೂರ ಉತ್ತರಕ್ಕೆ ಬೀಳುವದು. ಅಲ್ಲಿ ಯಾರ ಮಗನೂ ಉದ್ಯೋಗಕ್ಕೆ ಹೋಗಿಲ್ಲ!

ಇನ್ನು ವಿಮಾನದ ದೂರ. ದೊಡ್ಡ ವಿಮಾನಗಳು ಹತ್ತು ಹನ್ನೆರಡು ಕಿಲೋಮೀಟರುಗಳ ಎತ್ತರದಲ್ಲಿ ತಾಸಿಗೆ ಸುಮಾರು ೯೦೦ ಕಿಲೋಮೀಟರು ವೇಗದಿಂದ ಹಾರುವವು. ಭಾಗಾಕಾರ ಮಾಡಿದರೆ ೧೩,೯೯೦ ಕಿಲೋಮೀಟರಿಗೆ ಹದಿನೈದೂವರೆ ತಾಸು ಸಾಕಾಗಬೇಕು. ಆದರೆ ವಿಮಾನವು ನೂಲೆಳೆಯ ಮೇಲೆಯೇ ಹೋಗುವದಿಲ್ಲ. ಹಾಗೆ ಹೋಗದಿರಲು ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು ಗಾಳಿ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಬಲವಾದ ಗಾಳಿಗಳಿವೆ. ಚಳಿಗಾಲದಲ್ಲಿ ಅವುಗಳ ವೇಗವು ಕೆಲವೊಮ್ಮೆ ತಾಸಿಗೆ ೨೦೦ ಕಿಲೋಮೀಟರನ್ನೂ ಮೀರುವದು. ತುಂಬಿದ ಕೃಷ್ಣೆಯಲ್ಲಿ ನಾವೆಯು ಪ್ರವಾಹದೊಡನೆ ಹೋಗುವಾಗ ಬೇಗನೆ ಸಾಗಿ, ಎದುರಾಗಿ ಬರುವಾಗ ತಡವಾಗುವದಿಲ್ಲವೆ? ಇದೂ ಹಾಗೆಯೇ. ಬೆಂಗಳೂರಿನಿಂದ ಲಂಡನ್ನಿಗೆ ಇರುವ ಸುಮಾರು ೮,೦೪೦ ಕಿಲೋಮೀಟರುಗಳಿಗೆ ಹೋಗುವಾಗ ಹೆಚ್ಚು ಹೊತ್ತೂ, ಮರಳಿ ಬರುವಾಗ ಕಡಿಮೆ ಹೊತ್ತೂ ಹಿಡಿಯುವದು ಇದರಿಂದಲೇ. ಎರಡನೆಯದು ಪರ್ವತ. ಟಿಬೇಟಿನಂಥ ಎತ್ತರದ ನೆಲದ ಮೇಲೆ ವಿಮಾನಕ್ಕೆ ಏನಾದರೂ ತೊಂದರೆಯಾಗಿ ಕೆಳಗಿಳಿಯಬೇಕಾಗಿ ಬಂದರೆ ಇಳಿಯಲು ಎಡೆಯಿರುವದಿಲ್ಲ. ಆದುದರಿಂದ ಅದನ್ನು ಆದಷ್ಟು ಬಳಸಿ ಹೋಗುವರು. ಮೂರನೆಯದು ಮನುಷ್ಯರ ವೈರ. ಆಕಾಶಕ್ಕೂ ಗಡಿಗಳುಂಟು. ೨೦೨೨ರಲ್ಲಿ ಯುಕ್ರೇನಿನ ಯುದ್ಧವು ಹೊತ್ತಿದಾಗ ರಶಿಯದ ಮೇಲಿನ ದಾರಿಯು ಪಾಶ್ಚಾತ್ಯ ದೇಶಗಳ ವಿಮಾನಗಳಿಗೆ ಮುಚ್ಚಿತು. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬೀ ಸಮುದ್ರದ ಕಡೆಯಿಂದ ಸುತ್ತಿಕೊಂಡು ಹೋಗಬೇಕಾಯಿತು. ಊರುಗಳು ಇದ್ದಲ್ಲಿಯೇ ಇದ್ದವು; ಅವುಗಳ ನಡುವಿನ ದಾರಿ ಮಾತ್ರ ಒಂದೇ ದಿನದಲ್ಲಿ ಬೆಳೆಯಿತು.

ಇಂಥ ಕಷ್ಟದ ದಾರಿಯನ್ನು ನಡುವೆ ಎಲ್ಲಿಯೂ ಇಳಿಯದೆ ಕ್ರಮಿಸಿದ ಒಂದು ಪ್ರಸಿದ್ಧ ಪ್ರಯಾಣವು ೨೦೨೧ರ ಜನವರಿಯಲ್ಲಿ ನಡೆಯಿತು. ಏರ್ ಇಂಡಿಯಾದ ಬೋಯಿಂಗ್ ೭೭೭ ಜಾತಿಯ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರಧ್ರುವದ ಮೇಲಿಂದ ಹಾದು, ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಇಳಿಯಿತು. ಜ್ಯೋತಿಷ ಸಿದ್ಧಾಂತಕಾರರು ಮೇರುವೆಂದು ಕರೆದು, ಆರು ತಿಂಗಳು ಹಗಲು ಆರು ತಿಂಗಳು ಇರುಳೆಂದು ವರ್ಣಿಸಿದ ಸ್ಥಾನವೇ ಆ ಉತ್ತರಧ್ರುವ. ವಿಮಾನವನ್ನು ನಡೆಸಿದವರು ನಾಲ್ವರು ಸ್ತ್ರೀಯರು: ಮುಖ್ಯಸ್ಥೆ ಜೋಯಾ ಅಗರ್ವಾಲ್, ಅವರೊಡನೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್. ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಈ ನಾಲ್ಕು ಹೆಸರುಗಳನ್ನು ಹೇಳಿಕೊಡತಕ್ಕದ್ದು.

ಇದರ ಹಿಂದಿನ ಕಾಲವನ್ನೂ ಒಂದಿಷ್ಟು ನೆನೆಯೋಣ. ೧೯೩೨ರ ಅಕ್ಟೋಬರದಲ್ಲಿ ಜೆ. ಆರ್. ಡಿ. ಟಾಟಾ ಅವರು ಟಪಾಲನ್ನು ಹೊತ್ತ ಸಣ್ಣ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ತಂದರು. ಅಲ್ಲಿಂದ ಅವರ ಸಹಕಾರಿ ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮಾರ್ಗವಾಗಿ ಅದನ್ನು ಮದ್ರಾಸಿಗೆ ಒಯ್ದರು. ೧೯೪೮ರ ಜೂನ್ ೮ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ 'ಮಲಬಾರ್ ಪ್ರಿನ್ಸೆಸ್' ವಿಮಾನವು ಕೈರೋ, ಜಿನೀವಾಗಳಲ್ಲಿ ಇಳಿದು ಹೋಗಬೇಕಾಗಿತ್ತು. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದೂ ಅದೇ ವರ್ಷ. ಅಂದಿನಿಂದ ೨೦೨೧ರ ವರೆಗಿನ ಎಪ್ಪತ್ತಮೂರು ವರ್ಷಗಳಲ್ಲಿ ಭೂಮಿಯು ಒಂದು ಗೇಣೂ ಕುಗ್ಗಲಿಲ್ಲ. ಅದನ್ನು ದಾಟುವ ಹೊತ್ತು ಮಾತ್ರ ಕುಗ್ಗಿತು.

ಈಗ ಗಡಿಯಾರದ ತೊಡಕಿಗೆ ಬರೋಣ. ಮೇಲೆ ಹೇಳಿದ ಪ್ರಯಾಣದ ವೇಳಾಪತ್ರಿಕೆಯು ಹೀಗಿತ್ತು: ಸ್ಯಾನ್ ಫ್ರಾನ್ಸಿಸ್ಕೊ ಬಿಡುವದು ಜನವರಿ ೯, ಶನಿವಾರ ರಾತ್ರಿ ೮-೩೦, ಬೆಂಗಳೂರು ಮುಟ್ಟುವದು ಜನವರಿ ೧೧, ಸೋಮವಾರ ನಸುಕಿನ ೩-೪೫. ಇದನ್ನು ಓದಿದ ಹಿರಿಯರು ಬೆರಳೆಣಿಸಿ, ಮಗನು ಮೂವತ್ತೊಂದು ತಾಸುಗಳ ಮೇಲೆ ಆಕಾಶದಲ್ಲಿಯೇ ಇರುವನಲ್ಲಾ ಎಂದು ಕಳವಳಪಡುವದು ಸಹಜ. ಇದಕ್ಕೆ ವಿರುದ್ಧವಾಗಿ, ಬೆಂಗಳೂರನ್ನು ಮಧ್ಯಾಹ್ನ ಎರಡೂವರೆಗೆ ಬಿಟ್ಟು ಹದಿನಾರು ತಾಸು ಹಾರುವ ವಿಮಾನವು ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು ಅದೇ ದಿನ ಸಂಜೆ ಐದಕ್ಕೆ ಮುಟ್ಟುವದು. ಓದಿದವರಿಗೆ ಎರಡೂವರೆ ತಾಸಿನ ಪ್ರವಾಸದಂತೆ ತೋರುವದು! ಎರಡೂ ಭ್ರಾಂತಿಗಳೇ. ಏಕೆಂದರೆ ತಿಕೀಟಿನ ಮೇಲೆ ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರದಿಂದಲೂ ಮುಟ್ಟುವ ಹೊತ್ತನ್ನು ಮುಟ್ಟುವ ಊರಿನ ಗಡಿಯಾರದಿಂದಲೂ ಬರೆದಿರುತ್ತಾರೆ.

ಈ ವಿಷಯವು ನಮ್ಮ ಪ್ರಾಚೀನರಿಗೆ ಹೊಸದಾಗಿರಲಿಲ್ಲ. ಕ್ರಿ. ಶ. ೪೯೯ರ ಸುಮಾರಿಗೆ ಆರ್ಯಭಟನು, ಲಂಕೆಯಲ್ಲಿ ಸೂರ್ಯೋದಯವಾಗುವಾಗ ಭೂಮಿಯ ಮತ್ತೊಂದು ಬದಿಯ ಸಿದ್ಧಪುರದಲ್ಲಿ ಸೂರ್ಯಾಸ್ತವೂ, ಯಮಕೋಟಿಯಲ್ಲಿ ಮಧ್ಯಾಹ್ನವೂ, ರೋಮಕದಲ್ಲಿ ಮಧ್ಯರಾತ್ರಿಯೂ ಆಗಿರುವದೆಂದು ಹೇಳಿದನು. ಲಂಕೆಯಿಂದ ಉಜ್ಜಯಿನಿಯ ಮೇಲೆ ಮೇರುವಿನ ವರೆಗೆ ಎಳೆದ ರೇಖೆಯನ್ನು ಸೊನ್ನೆಯೆಂದು ಹಿಡಿದು, ಅದರ ಪೂರ್ವ ಪಶ್ಚಿಮಗಳಲ್ಲಿರುವ ಊರುಗಳಿಗೆ ಮಾಡಬೇಕಾದ ಕಾಲದ ತಿದ್ದುಪಡಿಯನ್ನು ದೇಶಾಂತರ ಸಂಸ್ಕಾರವೆಂದು ಕರೆದರು. ನಮ್ಮ ನಾಡಿನವರು ಸಂತೋಷಪಡಬಹುದಾದ ಸಂಗತಿಯೆಂದರೆ, ಆ ಪುರಾತನ ಸೊನ್ನೆಯ ರೇಖೆಯು ಬೀಳಗಿಯಿಂದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರುಗಳೊಳಗೆ, ಜಮಖಂಡಿಯಿಂದ ಐವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿ ಹಾದುಹೋಗುವದು.

ಲೆಕ್ಕವು ಸುಲಭವಾದುದು. ಭೂಮಿಯು ೨೪ ತಾಸಿಗೆ ೩೬೦ ಅಂಶ ತಿರುಗುವದು. ಎಂದರೆ ಒಂದು ಅಂಶಕ್ಕೆ ನಾಲ್ಕು ನಿಮಿಷ. ಭಾರತದ ಗಡಿಯಾರವು ೮೨ವರೆ ಅಂಶದ ರೇಖೆಯದು. ಜಮಖಂಡಿಯಿರುವದು ಸುಮಾರು ೭೫ ಕಾಲು ಅಂಶದಲ್ಲಿ. ಆದುದರಿಂದ ನಮ್ಮ ಸೂರ್ಯನು ನಮ್ಮ ಗಡಿಯಾರಕ್ಕಿಂತ ಸರಾಸರಿ ೨೯ ನಿಮಿಷ ತಡವಾಗಿ ನೆತ್ತಿಗೆ ಬರುವನು. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರವು ನಮ್ಮದಕ್ಕಿಂತ ಚಳಿಗಾಲದಲ್ಲಿ ಹದಿಮೂರೂವರೆ ತಾಸು ಹಿಂದೆ ಇರುವದು. ಮಾರ್ಚಿನ ಎರಡನೆಯ ರವಿವಾರದಿಂದ ನವೆಂಬರಿನ ಮೊದಲನೆಯ ರವಿವಾರದ ವರೆಗೆ ಅಲ್ಲಿನವರು ಗಡಿಯಾರವನ್ನು ಒಂದು ತಾಸು ಮುಂದಿಡುವದರಿಂದ ಆಗ ಅಂತರವು ಹನ್ನೆರಡೂವರೆ ತಾಸು.

ತಿಕೀಟನ್ನು ಓದುವ ಸೂತ್ರವಿಷ್ಟೇ: ಮೊದಲು ಎರಡೂ ಹೊತ್ತುಗಳನ್ನು ನಮ್ಮ ಗಡಿಯಾರಕ್ಕೆ ತಂದುಕೊಳ್ಳಿರಿ, ಆ ಮೇಲೆ ಕಳೆಯಿರಿ. ಶನಿವಾರ ರಾತ್ರಿ ೮-೩೦ಕ್ಕೆ ಹದಿಮೂರೂವರೆ ತಾಸು ಕೂಡಿಸಿದರೆ ನಮ್ಮ ರವಿವಾರ ಬೆಳಗಿನ ೧೦ ಗಂಟೆ. ಅಲ್ಲಿಂದ ಸೋಮವಾರ ನಸುಕಿನ ೩-೪೫ರ ವರೆಗೆ ೧೭ ತಾಸು ೪೫ ನಿಮಿಷ. ಇದೇ ನಿಜವಾದ ಪ್ರವಾಸಕಾಲ. ಮಗನು, "ಅವ್ವಾ, ಶನಿವಾರ ರಾತ್ರಿ ಹೊರಡತೀನಿ" ಎಂದು ಫೋನಿನಲ್ಲಿ ಹೇಳಿದರೆ, ತಾಯಿಯು ಅದನ್ನು ರವಿವಾರದ ಮುಂಜಾವೆಂದು ತಿಳಿಯತಕ್ಕದ್ದು.

ಬಾಣಂತನಕ್ಕೆ ಹೋಗುವ ತಾಯಂದಿರಿಗೆ ಇಲ್ಲಿಯೇ ಎರಡು ಮಾತು. ಹದಿನಾರು ಹದಿನೇಳು ತಾಸು ಕುಳಿತಲ್ಲಿಯೇ ಕುಳಿತರೆ ಕಾಲು ಬಾತು, ರಕ್ತ ಹೆಪ್ಪುಗಟ್ಟುವ ಭಯವುಂಟು. ಎರಡು ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಸಂಕೋಚಪಟ್ಟು ನೀರು ಕುಡಿಯದೆ ಇರಬಾರದು. ಮಧುಮೇಹದ ಔಷಧವನ್ನು ಯಾವ ಗಡಿಯಾರದಂತೆ ತೆಗೆದುಕೊಳ್ಳಬೇಕೆಂಬುದನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆಯಿಸಿಕೊಳ್ಳಬೇಕು. ಔಷಧವು ಕೈಚೀಲದಲ್ಲಿಯೇ ಇರಬೇಕು. ಅಲ್ಲಿ ಮುಟ್ಟಿದ ಮೇಲೆ ಹಲವು ದಿನ ಹಗಲಲ್ಲಿ ತೂಕಡಿಕೆಯೂ ಇರುಳಲ್ಲಿ ಎಚ್ಚರವೂ ಇದ್ದರೆ ಅದು ರೋಗವಲ್ಲ. ದೇಹವು ಇನ್ನೂ ಜಮಖಂಡಿಯ ಸೂರ್ಯನನ್ನೇ ನಂಬಿಕೊಂಡಿರುವದು.

ಇನ್ನೊಂದು ದೂರವು ಉಳಿಯಿತು. ಅದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಜಮಖಂಡಿಯಿಂದ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಹಕ್ಕಿ ಹಾರುವ ದಾರಿಯಿಂದ ಸುಮಾರು ೪೫೦ ಕಿಲೋಮೀಟರು. ಇದು ಸ್ಯಾನ್ ಫ್ರಾನ್ಸಿಸ್ಕೊದ ದಾರಿಯ ಮೂವತ್ತೊಂದನೆಯ ಒಂದು ಪಾಲು. ಆದರೆ ಇರುಳ ಬಸ್ಸಿನಲ್ಲಿ ಇದಕ್ಕೆ ಹತ್ತು ಹನ್ನೆರಡು ತಾಸು ಬೇಕು. ಬಾಡಿಗೆಯ ಮೋಟಾರಿನಲ್ಲಿಯೂ ಒಂಬತ್ತು ಹತ್ತು ತಾಸು. ಹೊರಡುವವರು ವಿಮಾನದ ಹೊತ್ತಿಗೆ ಮೂರು ತಾಸು ಮುಂಚೆ ನಿಲ್ದಾಣದಲ್ಲಿರಬೇಕು. ಬರುವವರಿಗೆ ಕಾಗದಪತ್ರಗಳ ಪರೀಕ್ಷೆ, ಸಾಮಾನುಗಳ ಬಿಡುಗಡೆಗೆ ಒಂದೆರಡು ತಾಸು ಹೋಗುವದು. ಬೆಳಗಾವಿಯ ಸಾಂಬ್ರಾ, ಹುಬ್ಬಳ್ಳಿಯ ನಿಲ್ದಾಣಗಳು ನಮಗೆ ಹತ್ತಿರವಾಗಿದ್ದು, ಬೆಂಗಳೂರಿನ ವಿಮಾನದ ಹೊತ್ತು ಹೊಂದಿಕೊಂಡರೆ ಒಂದಿಷ್ಟು ಉಳಿತಾಯವಾದೀತು. ಹೊಂದದಿದ್ದರೆ, ಕಾಯುವದರಲ್ಲಿಯೇ ಆ ಉಳಿತಾಯವು ಕರಗುವದು. ವಿಮಾನನಿಲ್ದಾಣದಿಂದ ವಿಮಾನನಿಲ್ದಾಣಕ್ಕೆ ಇರುವ ದೂರವು ಯಂತ್ರದ ದೂರ. ಹೊಸ್ತಿಲಿನಿಂದ ಹೊಸ್ತಿಲಿಗೆ ಇರುವ ದೂರವೇ ಗೃಹಸ್ಥನ ದೂರ.

ಈ ಹೊಸ್ತಿಲಿನ ಲೆಕ್ಕವು ಎಲ್ಲಕ್ಕಿಂತ ಹೆಚ್ಚು ಬೇಕಾಗುವದು ದುಃಖದ ಗಳಿಗೆಯಲ್ಲಿ. ಸೋಮವಾರ ಬೆಳಗಿನ ಆರಕ್ಕೆ ಜಮಖಂಡಿಯಲ್ಲಿ ತಂದೆಯು ತೀರಿಕೊಂಡನೆಂದು ಭಾವಿಸೋಣ. ಚಳಿಗಾಲವಾದರೆ ಮಗನ ಊರಲ್ಲಿ ಆಗ ರವಿವಾರ ಸಂಜೆಯ ನಾಲ್ಕೂವರೆ. ಅವನಿಗೆ ಅಂದಿನ ರಾತ್ರಿಯೇ ೮-೩೦ರ, ನಡುವೆ ಎಲ್ಲಿಯೂ ಇಳಿಯದ ವಿಮಾನವು ದೊರೆಯಿತೆಂದು ಇಟ್ಟುಕೊಂಡರೂ ಅವನು ಬೆಂಗಳೂರಿನಲ್ಲಿ ಇಳಿಯುವದು ಮಂಗಳವಾರ ನಸುಕಿನ ೩-೪೫ಕ್ಕೆ. ಮೋಟಾರು ಹತ್ತುವದು ಐದೂವರೆಯ ಸುಮಾರಿಗೆ. ಮನೆಯ ಬಾಗಿಲಿಗೆ ಬರುವದು ಮಧ್ಯಾಹ್ನ ಮೂರಕ್ಕೆ. ಎಲ್ಲವೂ ಅನುಕೂಲವಾದರೂ ಮೂವತ್ತಮೂರು ತಾಸು! ನಡುವೆ ವಿಮಾನ ಬದಲಿಸಿ ಬರುವ ದಾರಿಯಾದರೆ ಆಕಾಶದ ಪ್ರವಾಸವೇ ಸಾಮಾನ್ಯವಾಗಿ ೨೨ರಿಂದ ೨೮ ತಾಸಾಗುವದು. ಅಂದಿನ ತಿಕೀಟು ಸಿಕ್ಕದಿದ್ದರೆ ಮತ್ತೊಂದು ದಿನ. "ವಿಮಾನ ಹತ್ತಿದರ ಹದಿನೇಳು ತಾಸು, ಬಂದಬಿಡತಾನ" ಎಂಬ ಮಾತನ್ನು ನಂಬಿ, ನೆರೆದ ಬಂಧುಗಳು ಅಂದಿನ ಸಂಜೆಯ ವರೆಗೆ, ಮರುದಿನದ ಮುಂಜಾನೆಯ ವರೆಗೆ ಎಂದು ಗಳಿಗೆ ಗಳಿಗೆಗೂ ಅವಧಿಯನ್ನು ಮುಂದೂಡುತ್ತ ಅಂಗಳದಲ್ಲಿ ಕುಳಿತಿರುವ ದೃಶ್ಯವು ಬಹು ಕರುಣಾಜನಕವಾದುದು. ಅತ್ತ ಮಗನು ದಾರಿಯುದ್ದಕ್ಕೂ, ತನ್ನಿಂದ ಎಲ್ಲರಿಗೂ ತೊಂದರೆಯಾಯಿತೆಂದು ಬೇಯುತ್ತಿರುವನು.

ಆದುದರಿಂದ ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಿ ಈ ವಿಚಾರವನ್ನು ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ, ಹಬ್ಬಕ್ಕೆ ಮಕ್ಕಳು ಬಂದಾಗ, ಸಮಾಧಾನದಿಂದ ಮಾತಾಡಿಕೊಂಡು ನಿರ್ಣಯಿಸಿಡುವದು ಲೇಸು. ಎಷ್ಟು ತಾಸು ಕಾಯುವದು, ಅದಕ್ಕೆ ಬೇಕಾದ ತಂಪುಪೆಟ್ಟಿಗೆಯ ಅನುಕೂಲವು ಊರಲ್ಲಿ ಎಲ್ಲಿದೆ, ಕಾಯಲಾಗದಿದ್ದರೆ ಸಂಸ್ಕಾರವನ್ನು ಯಾರು ಮಾಡತಕ್ಕದ್ದು, ಇವನ್ನೆಲ್ಲ ಮನೆಯ ಯಜಮಾನನು ತನ್ನ ಬಾಯಿಂದಲೇ ಹೇಳಿದ್ದರೆ ಉಳಿದವರ ಮೇಲೆ ಅಪವಾದದ ಭಾರವು ಬೀಳುವದಿಲ್ಲ. ಮಕ್ಕಳೂ ತಮ್ಮ ಪಾಸಪೋರ್ಟಿನ ಅವಧಿಯನ್ನು, ಪರದೇಶದ ಪೌರತ್ವ ಪಡೆದವರು ಭಾರತಕ್ಕೆ ಬರಲು ಬೇಕಾದ ಪತ್ರಗಳನ್ನು ಸದಾ ಸಿದ್ಧವಾಗಿ ಇಟ್ಟುಕೊಳ್ಳತಕ್ಕದ್ದು. ಪತ್ರವಿಲ್ಲದವನಿಗೆ ಹದಿನೇಳು ತಾಸಿನ ದಾರಿಯೂ ಹದಿನೈದು ದಿನಗಳದಾಗುವದು.

ಮಗನಿಗೆ ಸಮಯಕ್ಕೆ ಬರಲಾಗದಿದ್ದರೆ ಕರ್ತವ್ಯಲೋಪವಾಯಿತೆಂದು ಕೊರಗುವವರಿಗೆ ಧರ್ಮಶಾಸ್ತ್ರವೇ ಸಮಾಧಾನವನ್ನು ಹೇಳಿದೆ. ವಿದೇಶದಲ್ಲಿರುವವನು ಬಂಧುವಿನ ಮರಣವನ್ನು ಹತ್ತು ದಿನಗಳೊಳಗೆ ಕೇಳಿದರೆ, ಉಳಿದ ದಿನಗಳಷ್ಟೇ ಅವನಿಗೆ ಆಶೌಚವೆಂದು ಮನುಸ್ಮೃತಿಯು ವಿಧಿಸುವದು. ದೇಶಾಂತರವೆಂದರೇನೆಂಬ ಪ್ರಶ್ನೆಗೆ ಸ್ಮೃತಿಕಾರರಲ್ಲಿ ಕೆಲವರು ಅರುವತ್ತು ಯೋಜನ, ಕೆಲವರು ನಲವತ್ತು, ಕೆಲವರು ಮೂವತ್ತು ಎಂದರು. ಮತ್ತೆ ಕೆಲವರು ಯೋಜನವನ್ನೇ ಕೈಬಿಟ್ಟು, ನಡುವೆ ಮಹಾನದಿಯಿದ್ದರೆ, ಪರ್ವತವಿದ್ದರೆ, ಮಾತು ಬೇರೆಯಾದರೆ ಅದು ದೇಶಾಂತರವೆಂದರು. ಈ ಕೊನೆಯ ಮಾತಿನಂತೆ ಕೃಷ್ಣೆಯಾಚೆಯ ಅಥಣಿಯೂ ಜಮಖಂಡಿಗೆ ದೇಶಾಂತರವೇ ಆದೀತು! ಮಳೆಗಾಲದ ಹೊಳೆಯನ್ನು ನಾವೆಯಲ್ಲಿ ದಾಟಬೇಕಾಗಿದ್ದ ದಿನಗಳಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ದೂರವನ್ನು ಅಳತೆಯ ಹಗ್ಗದಿಂದಲ್ಲ, ಮನುಷ್ಯನು ಬಂದು ಮುಟ್ಟಬಲ್ಲನೋ ಇಲ್ಲವೋ ಎಂಬುದರಿಂದ ಅಳೆಯತಕ್ಕದ್ದೆಂಬುದೇ ಆ ಹಿರಿಯರ ತಾತ್ಪರ್ಯ. ಬರಲಾಗದವನನ್ನು ಅವರು ದೂಷಿಸಲಿಲ್ಲ. ಅವನಿಗಾಗಿ ಬೇರೊಂದು ನಿಯಮವನ್ನೇ ಮಾಡಿಟ್ಟರು.

ಪ್ರತಿ ಮನೆಯವರೂ ಒಂದು ಸಣ್ಣ ಕೆಲಸ ಮಾಡಲಿ. ಗೋಡೆಯ ಪಂಚಾಂಗದ ಪಕ್ಕದಲ್ಲಿ ಒಂದು ಕಾಗದವನ್ನು ಅಂಟಿಸಿ, ಮಕ್ಕಳಿರುವ ಊರಿನ ಹೆಸರು, ಅಲ್ಲಿಯ ಗಡಿಯಾರವು ಚಳಿಗಾಲ ಬೇಸಿಗೆಗಳಲ್ಲಿ ನಮ್ಮದಕ್ಕಿಂತ ಎಷ್ಟು ತಾಸು ಹಿಂದೆ ಅಥವಾ ಮುಂದೆ, ಅವರ ಹೊಸ್ತಿಲಿನಿಂದ ನಮ್ಮ ಹೊಸ್ತಿಲಿಗೆ ಒಟ್ಟು ಎಷ್ಟು ತಾಸು, ಈ ಮೂರನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿಡಲಿ. ಕನ್ನಡಕವಿಲ್ಲದೆ ಅಜ್ಜಿಗೂ ಓದಲು ಬರುವಂತಿರಲಿ.